ವ್ರಜಲಾಲ್‌ಭಾಯಿ ಶೇರು ಮಾರಿದ್ದು

ಮನೆಗೆ ಬಂದ ಅಳಿಯ ತಿಂಡಿ ತಿಂದು ಸುಮ್ಮನೆ ಎದ್ದು ಹೋಗಿದ್ದರೆ, ರಾಜಕೋಟದಲ್ಲಿ ಗುಂಡಿ ಮತ್ತು ಲೇಸಿನ ಅಂಗಡಿ ಇಟ್ಟಿದ್ದ ವ್ರಜಲಾಲ್‌ಭಾಯಿಯ ಆ ಶುಕ್ರವಾರ ಎಂದಿನಂತೆಯೇ ಕಳೆದುಹೋಗುತ್ತಿತ್ತು. ಆದರೆ ಅಳಿಯ ಪಾರ್ಥಿವ್ ಜಾಮನಗರದಲ್ಲಿ ಬ್ಯಾಂಕಿನ ಅಧಿಕಾರಿ. ಎಡಗೈಯಲ್ಲಿ ಕಡಲೆಹಿಟ್ಟಿನ ಗಾಂಠಿಯಾ ಮುರಿಯುತ್ತ ಬಲಗೈಯಲ್ಲಿ ಮೊಬೈಲಿನ ಗುಂಡಿ ಒತ್ತಿ ಲೆಕ್ಕ ಹಾಕುವುದು ಅವನಿಗೆ ಚಟ.

"ಪಪ್ಪಾ, ಆ ಶುಭ್ರಾ ಟೈಲ್ಸ್ ಶೇರು ಎಷ್ಟಕ್ಕೆ ತಗೊಂಡಿದ್ರಿ?"

"ಹತ್ತು ರೂಪಾಯಿಗೆ. ಸಾವಿರ ಶೇರು. ಇವತ್ತು ಎಪ್ಪತ್ತೆಂಟು!" ವ್ರಜಲಾಲ್‌ಭಾಯಿ ಮೊಮ್ಮಗನ ಅಂಕಪಟ್ಟಿ ತೋರಿಸುವವರಂತೆ ಹಿಗ್ಗಿದರು.

"ತಗೊಂಡು ಎಷ್ಟು ವರ್ಷ ಆಯ್ತು?"

"ಇಪ್ಪತ್ತೊಂದು."

ಪಾರ್ಥಿವ್ ಗುಂಡಿ ಒತ್ತಿದ. ಹುರಿದ ಮೆಣಸಿನಕಾಯಿ ಕಚ್ಚಿದ. ಮತ್ತೆ ಒತ್ತಿದ. "ನಮ್ಮ ಬ್ಯಾಂಕಲ್ಲಿ ಠೇವಣಿ ಇಟ್ಟಿದ್ರೂ ಹೆಚ್ಚುಕಡಿಮೆ ಇಷ್ಟೇ ಆಗ್ತಿತ್ತು ಪಪ್ಪಾ. ರಾತ್ರಿ ನಿದ್ದೆ ಚೆನ್ನಾಗಿ ಬರ್ತಿತ್ತು, ಅಷ್ಟೇ ವ್ಯತ್ಯಾಸ."

ಅಡುಗೆಮನೆಯಿಂದ ರಸೀಲಾಬೆನ್ ದನಿ ಬಂತು. "ಬಿಡಿಸಿ ಹೇಳಪ್ಪಾ ಅವರಿಗೆ! ಇನ್ನೂರ ನಲವತ್ತಕ್ಕೆ ಏರಿದಾಗ, ಮಾರಿ ಮೇಲೊಂದು ಕೋಣೆ ಕಟ್ಸೋಣ ಅಂದೆ. ಕೇಳಿದ್ರಾ? ಆರು ರೂಪಾಯಿಗೆ ಬಂದು ಬಿದ್ದಾಗಲೂ ಮಾರ್ಲಿಲ್ಲ. ಮಲೇರಿಯಾ ಜ್ವರದ ಥರ ಏರೋದು, ಇಳಿಯೋದು. ನಡುಕ ಮಾತ್ರ ನಮಗೆ!"

ಹೆಂಡತಿಯ ಮಾತಿಗೆ ವ್ರಜಲಾಲ್‌ಭಾಯಿಯ ಕಿವಿ ಮರಗಟ್ಟಿ ಎಷ್ಟೋ ವರ್ಷಗಳಾಗಿದ್ದವು. ಆದರೆ ಅಳಿಯ ಅಂದದ್ದು ಎದೆಗೆ ನಾಟಿತು. ಆ ಶೇರಿಗಾಗಿ ಅವರು ಉಗುರು ಕಚ್ಚಿದ್ದೆಷ್ಟು, ಹೋಮಿಯೋಪತಿ ಗುಳಿಗೆ ನುಂಗಿದ್ದೆಷ್ಟು! ಎಲ್ಲ ಬರೀ ಬ್ಯಾಂಕಿನ ಬಡ್ಡಿಗೋಸ್ಕರವೇ? ಪಾರ್ಥಿವ್ ಬಸ್ಸು ಹತ್ತಿದ ಮೇಲೆ ಅವರು ಟೋಪಿ ಹಾಕಿಕೊಂಡು ಹೊರಬಿದ್ದರು. ಇವತ್ತು ಮೂರೂವರೆಗೆ ಮಾರುಕಟ್ಟೆ ಮುಚ್ಚುವುದರೊಳಗೆ ಮಾರಿಯೇ ತೀರುವುದು. ಆಕಾಶ ಬಿದ್ದರೂ ಸರಿ.

ಬೀದಿ ದಾಟುವ ಮುಂಚೆ ಆಕಾಶದ ಬದಲು ಲವಜಿಭಾಯಿ ಮೇಲೆ ಬಿದ್ದರು. ಲವಜಿಭಾಯಿಯದು ಕುರುಕಲು ತಿಂಡಿಯ ಅಂಗಡಿ. ಜೊತೆಗೆ ಆ ಬೀದಿಯ ಶೇರುದಾರರ ಮಂಡಳಿಯ ಅಧ್ಯಕ್ಷಗಿರಿ ಬೇರೆ.

"ಅರೆ ವ್ರಜಲಾಲ್‌ಭಾಯಿ! ನಿಮ್ಮನ್ನೇ ಹುಡುಕ್ತಿದ್ದೆ. ಎತ್ತ ಹೊರಟಿರಿ? ಮಾರೋಕಂತೂ ಅಲ್ಲ ತಾನೇ?"

"ಛೆ, ಛೆ! ಮಾರೋದೇ? ನಾನೇ?"

"ಅದೇ ಮತ್ತೆ! ನೀವು ಮಾರಲ್ಲ ಅನ್ನೋ ಒಂದೇ ಧೈರ್ಯಕ್ಕೆ ಇಡೀ ಬೀದಿ ಇಪ್ಪತ್ತಕ್ಕೆ, ಮೂವತ್ತಕ್ಕೆ ತಗೊಂಡ ಆ ಶೇರು ಹಿಡಿದು ಕೂತಿದೆ. ನೀವು ಮಾರಿದ ದಿನ ನಾವೆಲ್ಲ ಒಟ್ಟಿಗೆ ಸುರಿಯೋದೇ!"

ವ್ರಜಲಾಲ್‌ಭಾಯಿ ಟೋಪಿ ಸರಿಪಡಿಸಿಕೊಂಡರು. ಗುಟ್ಟು ರಟ್ಟಾದರೆ, ತಾವು ದಲ್ಲಾಳಿಯ ಬಾಗಿಲು ಮುಟ್ಟುವ ಹೊತ್ತಿಗೆ ಬೆಲೆ ಚರಂಡಿಯಲ್ಲಿರುತ್ತದೆ.

"ಬನ್ನಿ, ಬನ್ನಿ," ಎಂದು ಲವಜಿಭಾಯಿ ರಟ್ಟೆ ಹಿಡಿದರು. "ನಿಮಗೆ ಹೇಳದೆ ಒಂದು ಏರ್ಪಾಡು ಮಾಡಿದೀವಿ."

ಸಮಾಜದ ಸಭಾಭವನವಾದ ವಾಡಿಯಲ್ಲಿ ಏರ್ಪಾಡು ಜೋರಾಗಿಯೇ ಇತ್ತು. 'ಇಪ್ಪತ್ತೊಂದು ವರ್ಷ ಅಲುಗದ ಬಂಡೆ ವ್ರಜಲಾಲ್‌ಭಾಯಿ' ಎಂದು ಬಟ್ಟೆಯ ಮೇಲೆ ಬರೆಸಿ ಕಟ್ಟಿದ್ದರು. ಬಂಡೆಗೆ ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಒಬ್ಬರಾದ ಮೇಲೆ ಒಬ್ಬರು ಎದ್ದು ಹೊಗಳಿದರು. ವ್ರಜಲಾಲ್‌ಭಾಯಿ ಗೋಡೆಯ ಗಡಿಯಾರವನ್ನೇ ನೋಡುತ್ತ, ಮದುವೆಮನೆಯಲ್ಲಿ ತಪ್ಪಾದ ವಧುವಿನ ಪಕ್ಕ ಕೂತ ವರನಂತೆ ಬೆವರಿದರು. ಕೊನೆಗೆ ಮೈಕು ಅವರ ಬಾಯಿಗೇ ಬಂತು.

ಏನು ಹೇಳುವುದು? ಸಂಶಯವಂತೂ ಯಾರಿಗೂ ಬರಬಾರದು. ಹೆದರಿದವನ ಮಾತು ಒಮ್ಮೊಮ್ಮೆ ಬಹಳ ಚೆನ್ನಾಗಿರುತ್ತದೆ.

"ಅಣ್ಣತಮ್ಮಂದಿರೇ, ಆರು ರೂಪಾಯಿಗೆ ಬಿದ್ದಾಗ ಊರೆಲ್ಲ ನಕ್ಕಿತು. ನನ್ನ ಮನೆಯವಳು ವಾರಗಟ್ಟಲೆ ಮಾತು ಬಿಟ್ಟಳು. ಆದರೆ ಒಂದು ದಿನವೂ ಬಿಸಿರೊಟ್ಟಿ ಹಾಕೋದು ಬಿಡ್ಲಿಲ್ಲ. ಆ ರೊಟ್ಟಿ ಮುಂದಿಟ್ಕೊಂಡು ನಾನು ಅಂದ್ಕೊಂಡೆ, ನನ್ನಂಥವನನ್ನೇ ಇವಳು ಇಷ್ಟು ವರ್ಷ ಕೈಬಿಡದೆ ಹಿಡ್ಕೊಂಡಿದಾಳೆ, ನನ್ನ ಕೈಲಿ ಒಂದು ಶೇರು ಹಿಡ್ಕೊಳ್ಳೋಕೆ ಆಗಲ್ವಾ?"

ಚಪ್ಪಾಳೆಗೆ ವಾಡಿಯ ಪಾರಿವಾಳಗಳೆಲ್ಲ ಹಾರಿದವು. ಹಿಂದಿನ ಸಾಲುಗಳಲ್ಲಿ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ವ್ರಜಲಾಲ್‌ಭಾಯಿ ಅತ್ತ ನೋಡಲೂ ಇಲ್ಲ. ಊಟಕ್ಕೆ ಎಳೆಯುತ್ತಿದ್ದ ಕೈಗಳಿಂದ ಬಿಡಿಸಿಕೊಂಡು, ಶಾಲು ಸಮೇತ ಹಿಂಬಾಗಿಲಿನಿಂದ ಓಡಿದರು.

ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮಧ್ಯಾಹ್ನವೆಂದರೆ ರಾಜಕೋಟ ಊಟ ಮಾಡಿ ಕದ ಹಾಕಿಕೊಂಡು ಮಲಗುವ ಹೊತ್ತು. ಮಾರುಕಟ್ಟೆ ಮುಂಬಯಿಯದಾದರೂ ನಿದ್ದೆ ರಾಜಕೋಟದ್ದೇ. ದಲ್ಲಾಳಿ ಕಾನಾಬಾರ್ ಕಚೇರಿಗೆ ಬೀಗ ಜಡಿದು ಮನೆಗೆ ಹೋಗಿದ್ದ.

ವ್ರಜಲಾಲ್‌ಭಾಯಿ ಬಿಸಿಲಲ್ಲಿ ಅವನ ಮನೆಗೆ ನಡೆದರು. ಹೊಸ್ತಿಲಿಗೆ ಅಡ್ಡವಾಗಿ ಮಂಚ ಹಾಕಿಕೊಂಡು ಕಾನಾಬಾರನ ತಾಯಿ ಕೂತಿದ್ದರು.

"ಅಮ್ಮಾ, ಮಗನನ್ನ ಸ್ವಲ್ಪ ಎಬ್ಬಿಸ್ತೀರಾ?"

"ಮಲಗಿದಾನೆ."

"ತುಂಬಾ ಅರ್ಜೆಂಟು, ಅಮ್ಮಾ."

"ಅವರಪ್ಪ ತೀರ್ಕೊಂಡಾಗಲೂ ನಾಲ್ಕು ಗಂಟೆ ಹೊಡೆದ ಮೇಲೇ ಎಬ್ಬಿಸಿದ್ದು. ನಿಂದು ಅದಕ್ಕಿಂತ ಅರ್ಜೆಂಟಾ?"

ಬೇಡಿದರು, ಕೈ ಮುಗಿದರು, ತೆಂಗಿನಕಾಯಿ ಕೊಟ್ಟುನೋಡಿದರು. ಮುದುಕಿ ಕಾಯಿ ಇಸಿದುಕೊಂಡು ಮಂಚದ ಕೆಳಗಿಟ್ಟರು, ಜಾಗ ಮಾತ್ರ ಬಿಡಲಿಲ್ಲ. ಹೊತ್ತು ಜಾರುತ್ತಿತ್ತು. ಕೊನೆಗೆ ವ್ರಜಲಾಲ್‌ಭಾಯಿ ಮನೆಯ ಪಕ್ಕಕ್ಕೆ ಹೋಗಿ, ಕಿಟಕಿಗೆ ಬಾಯಿಟ್ಟು, ಜೀವಮಾನದಲ್ಲಿ ಕೂಗದಷ್ಟು ಗಟ್ಟಿಯಾಗಿ ಕೂಗಿದರು:

"ಕಾನಾಬಾರ್! ಮಾರುಕಟ್ಟೆ ಬಿತ್ತೂ!"

ಕಾನಾಬಾರ್ ಕಾದ ಎಣ್ಣೆಗೆ ಬಿದ್ದ ಫಾಫಡಾ ಪಟ್ಟಿಯಂತೆ ನೆಟ್ಟಗೆ ಎದ್ದ. ಅವನ ಜೊತೆ ಇಡೀ ಬೀದಿಯೂ ಎದ್ದಿತು. ಕಿಟಕಿಗಳು ತೆರೆದವು. "ಎಷ್ಟು ಬಿತ್ತು?" "ಯಾವುದು ಬಿತ್ತು?" "ಅಯ್ಯೋ, ನನ್ನ ಸಿಮೆಂಟು!" ಒಬ್ಬಾಕೆ ಗಂಡನನ್ನು ಬಯ್ಯಲು ಆಗಲೇ ಶುರು ಮಾಡಿದ್ದಳು.

"ಬಿದ್ದಿಲ್ಲ, ಬಿದ್ದಿಲ್ಲ, ಮಲಗಿ!" ಎಂದು ಎಲ್ಲರಿಗೂ ಕೈಮುಗಿಯುತ್ತ, ಬನಿಯನ್ನಿನಲ್ಲಿದ್ದ ಕಾನಾಬಾರನನ್ನು ಅವನದೇ ಸ್ಕೂಟರಿನ ಮೇಲೆ ತಳ್ಳಿ, ವ್ರಜಲಾಲ್‌ಭಾಯಿ ಹಿಂದೆ ಹತ್ತಿದರು. ದಾರಿಯಲ್ಲಿ ಶಾಲು ಚಕ್ರಕ್ಕೆ ಸಿಕ್ಕಿ ಅರ್ಧ ಹೋಯಿತು. ಸಿಕ್ಕಿದ ಅರ್ಧವನ್ನು ಬಿಡಿಸಲು ಅವರು ಇಳಿಯಲಿಲ್ಲ.

ಕಚೇರಿಯಲ್ಲಿ ಕಂಪ್ಯೂಟರ್ ಏಳುವುದಕ್ಕೂ ಕಾನಾಬಾರ್ ಆಕಳಿಸಿ ಮುಗಿಸುವುದಕ್ಕೂ ಸರಿಹೋಯಿತು. ಮಾರುಕಟ್ಟೆ ಮುಚ್ಚಲು ಇನ್ನು ನಿಮಿಷಗಳಷ್ಟೇ ಇದ್ದವು.

"ಯೋಚನೆ ಮಾಡಿದೀರಾ ವ್ರಜಲಾಲ್‌ಭಾಯಿ? ಇಪ್ಪತ್ತೊಂದು ವರ್ಷದ ಸಂಬಂಧ..."

"ಒತ್ತು!"

ಕಾನಾಬಾರ್ ಒತ್ತಿದ. "ಹೋಯ್ತು. ಸಾವಿರಕ್ಕೆ ಸಾವಿರವೂ, ಎಪ್ಪತ್ತೆಂಟಕ್ಕೇ. ದುಡ್ಡು ಮಂಗಳವಾರ ಬರುತ್ತೆ."

ವ್ರಜಲಾಲ್‌ಭಾಯಿಗೆ ಬಹುದಿನದ ಹಲ್ಲುನೋವು ಬಿಟ್ಟಂತಾಯಿತು. ರಸೀಲಾಗೆ ಇನ್ನು ಮೇಲೊಂದು ಕೋಣೆ! ಅಂಗಡಿಯತ್ತ ತಲೆ ಹಾಕದೆ, ಸಂಕ್ರಾಂತಿಯ ಗಾಳಿಪಟದಂತೆ ಹಗುರವಾಗಿ ಮನೆಗೆ ಬಂದರು.

ಮನೆಯಲ್ಲಿ ತುಪ್ಪದ ಪರಿಮಳ. ರಸೀಲಾಬೆನ್ ಮಗಳ ಮದುವೆಗೆ ಉಟ್ಟಿದ್ದ ಸೀರೆ ಉಟ್ಟು ಗೋಧಿನುಚ್ಚಿನ ಸಿಹಿ ಲಾಪಸಿ ಮಾಡಿದ್ದರು. ಗಂಡನನ್ನು ಕೂರಿಸಿ ತಾವೇ ಬಡಿಸಿದರು.

"ಕೇಳು, ಒಂದು ಸಿಹಿ ಸುದ್ದಿ..." ವ್ರಜಲಾಲ್‌ಭಾಯಿ ಶುರು ಮಾಡಿದರು.

"ಮೊದಲು ನನ್ನದು ಕೇಳಿ. ವಾಡಿಯಲ್ಲಿ ನಾನೂ ಇದ್ದೆ, ಹಿಂದಿನ ಸಾಲಲ್ಲಿ. ಲವಜಿಭಾಯಿ ಕರೆಸಿದ್ರು." ರಸೀಲಾಬೆನ್ ಕಣ್ಣು ಒದ್ದೆಯಾಯಿತು. "ಇಷ್ಟು ವರ್ಷ ನಿಮ್ಮನ್ನ ಎಷ್ಟು ಆಡ್ಕೊಂಡೆ! ನಿಮ್ಮ ಮನಸ್ಸಲ್ಲಿ ಅಂಥ ಮಾತಿದೆ ಅಂತ ನನಗೇನು ಗೊತ್ತು? ಅಲ್ಲಿಂದ ಎದ್ದವಳೇ ಲವಜಿಭಾಯಿಯ ದಲ್ಲಾಳಿ ಇದ್ದಾನಲ್ಲ, ಮಧ್ಯಾಹ್ನ ಮಲಗದೋನು, ಅವನ ಹತ್ರ ಹೋಗಿ, ನನ್ನ ಹೆಸರಲ್ಲಿ ಖಾತೆ ಇತ್ತಲ್ಲ, ಅದಕ್ಕೆ ಸಾವಿರ ಶುಭ್ರಾ ತಗೊಂಡೆ!"

ವ್ರಜಲಾಲ್‌ಭಾಯಿ ಲಾಪಸಿಯ ತುತ್ತನ್ನು ತಟ್ಟೆಗೇ ಇಳಿಸಿದರು. "ದು... ದುಡ್ಡು?"

"ಮಂಗಳವಾರ ಕೊಟ್ರೆ ಸಾಕಂತೆ. ನಮ್ಮವರು ಕೊಡ್ತಾರೆ ಅಂದೆ. ಕೊಡ್ತೀರಲ್ಲ?"

"ಕೊಡ್ತೀನಿ," ಎಂದರು ವ್ರಜಲಾಲ್‌ಭಾಯಿ ಸಣ್ಣಗೆ.

"ಪುಣ್ಯ, ಸಿಕ್ಕಿದ್ದೇ ಹೆಚ್ಚು! ಮಧ್ಯಾಹ್ನವೆಲ್ಲ ಕಾದ್ರೂ ಮಾರೋರೇ ಇರ್ಲಿಲ್ಲ. ಕೊನೇ ಗಳಿಗೇಲಿ ಯಾವನೋ ತಲೆಕೆಟ್ಟವನು ಸಾವಿರವನ್ನೂ ಒಟ್ಟಿಗೆ ಸುರಿದ. ಯಾರಿರಬಹುದು ಅಂತೀರಿ?"

ವ್ರಜಲಾಲ್‌ಭಾಯಿ ನೀರು ಕುಡಿದರು. ಇನ್ನೊಂದು ಲೋಟ ಕುಡಿದರು. ಬಳಿಕ ಇದ್ದಬದ್ದ ಧೈರ್ಯ ಕೂಡಿಸಿಕೊಂಡು, "ಅಲ್ಲ, ಈಗ ಬೆಲೆ ಚೆನ್ನಾಗಿದೆ. ಸೋಮವಾರ ಮಾರಿಬಿಟ್ರೆ ಹೇಗೆ? ನಿನಗೆ ಮೇಲೊಂದು ಕೋಣೆ..." ಎಂದರು.

"ಮಾರೋದೇ?" ರಸೀಲಾಬೆನ್ ಸೌಟು ಎತ್ತಿದರು. "ದ್ವಾರಕಾಧೀಶನ ಮುಂದೆ ದೀಪ ಹಚ್ಚಿ ಆಣೆ ಮಾಡಿದೀನಿ. ನನ್ನ ಜೀವ ಇರೋವರೆಗೂ ಒಂದು ಶೇರೂ ಆಚೆ ಹೋಗಲ್ಲ!"

ಎರಡು ಕಡೆಯ ದಲ್ಲಾಳಿ ಖರ್ಚು, ಒಂದು ಶಾಲು, ಒಂದು ತೆಂಗಿನಕಾಯಿ ಕಳೆದು, ವ್ರಜಲಾಲ್‌ಭಾಯಿಯ ಆ ದಿನದ ಸಂಪಾದನೆ ಇಷ್ಟೇ: ಅದೇ ಸಾವಿರ ಶೇರು ಅದೇ ಮನೆಯಲ್ಲಿತ್ತು. ಇನ್ನು ಮಾರಬೇಕೆಂದರೆ ಹೆಂಡತಿಯ ಸಹಿ ಬೇಕು.