ಮಂಗಳದಾಕಿ

ನಮ್ಮ ಕಾಕಾಗೆ ಮಂಗಳ ಗ್ರಹದಲ್ಲಿ ಗುರುತಿನವರಿದ್ದರು. ನಗಬೇಡಿ! ನಿಮಗೆ ಬೆಳಗಾವಿಯಲ್ಲಿ ಗುರುತಿನವರಿಲ್ಲವೇ? ಪುಣೆಯಲ್ಲಿ? ಹಾಗೆಯೇ ಅವನಿಗೆ ಮಂಗಳದಲ್ಲಿ. ವ್ಯತ್ಯಾಸ ಇಷ್ಟೇ: ನಿಮ್ಮವರು ಹಬ್ಬಕ್ಕೆ ಬಂದು ಹೋಳಿಗೆ ತಿಂದು, ಕಟ್ಟಿಸಿಕೊಂಡೂ ಹೋಗುತ್ತಾರೆ. ಕಾಕಾನ ಬಳಗ ನಮ್ಮ ಮನೆಯ ಒಂದು ತುತ್ತನ್ನೂ ಮುಟ್ಟಲಿಲ್ಲ. ಇಂಥ ಮರ್ಯಾದಸ್ತ ಬಳಗ ಯಾರಿಗುಂಟು?

ಇದಕ್ಕೆಲ್ಲ ಮೂಲ, ಧಾರವಾಡದ ಕಡೆಯಿಂದ ಬರುತ್ತಿದ್ದ ಒಂದು ಮಾಸಪತ್ರಿಕೆ. ಅದರಲ್ಲಿ ತಿಂಗಳಿಗೊಂದು ಕಂತು ಕಥೆ. ಭೂಮಿಯ ಮೇಲೆ ನಕ್ಷತ್ರ ನೋಡುವ ಒಬ್ಬ ಪಂಡಿತ, ಮಂಗಳದ ಮೇಲೆ ಒಬ್ಬ ಹೆಣ್ಣುಮಗಳು. ಮಂಗಳದವರಿಗೆ ಬಾಯಿಯೇ ಇಲ್ಲ! ಮಾತೆಲ್ಲ ಮನಸ್ಸಿನಿಂದ ಮನಸ್ಸಿಗೆ. ಇವನು ಇಲ್ಲಿ ನೆನೆದರೆ ಆಕೆಗೆ ಅಲ್ಲಿ ತಿಳಿಯಬೇಕು. ಆಕೆಗೆ ಅಲ್ಲಿ ಮುಳ್ಳು ಚುಚ್ಚಿದರೆ ಇವನು ಇಲ್ಲಿ ‘ಯಪ್ಪಾ’ ಅಂತ ಕಾಲು ಹಿಡಿದುಕೊಳ್ಳಬೇಕು. ಬಾಯಿಲ್ಲದಾಕೆ ರೊಟ್ಟಿ ಹೇಗೆ ತಿನ್ನುತ್ತಾಳೆ ಅಂತ ನಾನೊಮ್ಮೆ ಕೇಳಿದೆ. ಕಾಕಾ ನನ್ನನ್ನು ಅಂಗಡಿಯಿಂದ ಹೊರಗೆ ಹಾಕಿದ.

ಅಂಗಡಿ ಅಂದೆನಲ್ಲ, ಮೂಡಲಗಿ ಪೇಟೆಯಲ್ಲಿ ಕಾಕಾನದು ಅರಿವೆ ಅಂಗಡಿ. ನಾನು ಅಲ್ಲಿ ಬಟ್ಟೆಯ ಥಾನು ಬಿಚ್ಚಿ ಸುತ್ತುವವನು. ನನಗೆ ಬರುತ್ತಿದ್ದ ನಿಜವಾದ ವಿದ್ಯೆ ಬೇರೆ: ಊರಲ್ಲಿ ಯಾರ ದನಿ ಬೇಕೋ ಅವರ ದನಿ ತೆಗೆಯುವುದು. ಎಲ್ಲರ ದನಿ ತೆಗೆದೂ ತೆಗೆದೂ, ನನ್ನ ಸ್ವಂತ ದನಿಯಲ್ಲಿ ಕೂಗಿದರೆ ನಮ್ಮವ್ವ ‘ಯಾರದು?’ ಅಂತ ಕೇಳುವಷ್ಟಕ್ಕೆ ಬಂದಿತ್ತು!

ಆ ಕಥೆ ಶುರುವಾದ ಮೇಲೆ ಕಾಕಾ ಗಿರಾಕಿಗಳ ಮನಸ್ಸು ಓದತೊಡಗಿದ. ಒಂದು ದಿನ ಮಸಗುಪ್ಪಿಯ ರೈತನೊಬ್ಬ ಏದುಸಿರು ಬಿಡುತ್ತ ಬಂದ.

“ಏನೂ ಹೇಳಬ್ಯಾಡ್ರಿ!” ಕಾಕಾ ಕಣ್ಣು ಮುಚ್ಚಿ, ಹಣೆಯ ಮೇಲೆ ಬೆರಳಿಟ್ಟ. “ಅಂಗಿ ಅರಿವಿ. ಪಟ್ಟಿ ಪಟ್ಟಿಂದು. ಅಳಿಯಗ.” ಪರ್ರ್ ಅಂತ ಹರಿದೇಬಿಟ್ಟ.

“ಅಲ್ರಿ ಸಾವಕಾರ, ನನ್ನ ಎಮ್ಮಿ ಕಣ್ಣಿ ಹರಕೊಂಡು ಓಡಿ ಬಂದೈತಿ. ಈ ಕಡೆ ಬಂತೇನ್ರಿ ಅಂತ ಕೇಳಾಕ ಬಂದೇನಿ.”

ಕಾಕಾ ಸೋಲುವವನೇ? “ಹಂಗಾದ್ರ ನಾ ಓದಿದ್ದು ಎಮ್ಮಿ ಮನಸ್ಸಿರಬೇಕು.”

“ಎಮ್ಮಿಗಿ ಅಂಗಿ ಬೇಕಾಗಿತ್ತೇನ್ರಿ?”

ಮುಂದೆ ಕೊಣ್ಣೂರಿಗೆ ಚಕ್ಕಡಿ ಕಟ್ಟಿಕೊಂಡು ಹೊರಟಾಗ, ಎತ್ತುಗಳಿಗೆ ಬಾರಕೋಲೂ ಬೇಡ, ‘ಹೋ ಹೋ’ ಅನ್ನುವುದೂ ಬೇಡ, ಎಲ್ಲ ಮನಸ್ಸಿನಲ್ಲೇ ಹೇಳುತ್ತೇನೆ ಅಂತ ಸುಮ್ಮನೆ ಕೂತ. ಎತ್ತುಗಳು ನೆಟ್ಟಗೆ ಯಾರದೋ ಕಬ್ಬಿನ ಹೊಲಕ್ಕೆ ಇಳಿದವು. ಹೊಲದವನು ಕುಡಗೋಲು ಹಿಡಿದೇ ಓಡಿಬಂದ. “ಬಾಯಿ ಸತ್ತೈತೇನ್ರಿ ನಿಮ್ಮದು? ಎತ್ತು ತಿರುವಾಕ ಆಗೂದಿಲ್ಲ?”

“ಹೇಳಾಕತ್ತಿದ್ನಿ,” ಅಂದ ಕಾಕಾ, “ಅವು ಕೇಳವಲ್ವು.”

ಹಿಂದಿನಿಂದ ನಾನು ಎತ್ತಿನ ದನಿಯಲ್ಲಿ, “ಕೇಳೇವ್ರಿ, ಆದ್ರ ಕಬ್ಬು ಭಾಳ ಛಲೋ ಐತಿ” ಅಂದೆ. ಅವತ್ತು ಏಟು ಬಿದ್ದದ್ದು ಎತ್ತಿಗಲ್ಲ.

ಇಲ್ಲಿಯವರೆಗೆ ಎಲ್ಲ ನಗೆಯೇ. ಎಡವಟ್ಟಾದದ್ದು ಒಂದು ಶಬ್ದದಿಂದ.

ಪತ್ರಿಕೆ ರೈಲಿನಲ್ಲಿ ಘಟಪ್ರಭಾ ಸ್ಟೇಶನ್ನಿಗೆ ಬರುತ್ತಿತ್ತು. ಟಪಾಲಿನವನು ತರುವವರೆಗೆ ಕಾಯಲಾರದೆ ಕಾಕಾ ತಿಂಗಳಿಗೊಮ್ಮೆ ಮಡಿ ಧೋತರ ಉಟ್ಟು, ಹೊಸ ರುಮಾಲು ಸುತ್ತಿ, ತಾನೇ ಹೋಗುತ್ತಿದ್ದ. ಮನೆಗೆ ಬಂದು ಪಡಸಾಲೆಯಲ್ಲಿ ನನ್ನೆದುರು ನಿಟ್ಟುಸಿರುಬಿಡುತ್ತಿದ್ದ: “ಮಂಗಳದಾಕಿ ಮನಸ್ಸು ಭಾಳ ಮೆತ್ತಗೋ. ಇನ್ನ ಒಂದು ತಿಂಗಳ ಕಾಯಬೇಕಲ್ಲೋ ಆಕಿ ಸಲುವಾಗಿ!”

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ, ನಮ್ಮ ಕಾಕುಗೆ ಓದು ಬಾರದು. ಆಕೆಗೆ ಕೇಳಿಸಿದ್ದು ಏನು? ಮಂಗಳಾ ಅಂತೊಬ್ಬಾಕೆ ಇದ್ದಾಳೆ. ಘಟಪ್ರಭಾದಲ್ಲಿದ್ದಾಳೆ. ಗಂಡ ಹೊಸ ರುಮಾಲು ಸುತ್ತಿಕೊಂಡು ಆಕೆಯನ್ನು ನೋಡಲು ಹೋಗುತ್ತಾನೆ. ನೀವಾದರೂ ಇನ್ನೇನು ತಿಳಿಯುತ್ತಿದ್ದಿರಿ?

ಕಾಕು ಜಗಳ ತೆಗೆಯಲಿಲ್ಲ. ಮರುದಿನ ಗಂಟು ಕಟ್ಟಿ ಬಾಗಿಲಲ್ಲಿ ನಿಂತು ನನಗೆ ಹೇಳಿದಳು: “ನಿಮ್ಮ ಕಾಕಾಗ ಹೇಳು, ಆ ಮಂಗಳಾನ್ನ ಮನಿ ತುಂಬಿಸ್ಕೊಳ್ಳಾಕ. ಸಾರು ಒಲಿ ಮ್ಯಾಲ ಐತಿ.” ಮೋಟಾರು ಹತ್ತಿ ಹುಕ್ಕೇರಿಯ ತವರಿಗೆ ಹೋಗಿಬಿಟ್ಟಳು.

ಕಾಕಾ ಮೊದಲು ನಕ್ಕ. “ಮಂಗಳ ಗ್ರಹಕ್ಕ ಮುಟ್ಟೂ ಮಾತು ಹುಕ್ಕೇರಿಗಿ ಮುಟ್ಟೂದಿಲ್ಲೇನು? ಇಲ್ಲಿಂದನ ಕರೀತೇನಿ ನೋಡು.” ಕಟ್ಟೆಯ ಮೇಲೆ ಹುಕ್ಕೇರಿಯ ಕಡೆ, ಪಡುವಲಕ್ಕೆ ಮುಖ ಮಾಡಿ, ಹಣೆಗೆ ಬೆರಳಿಟ್ಟು ಕೂತ. ಹೋಗುವ ಬರುವವರು ತಲೆನೋವೇನ್ರಿ ಅಂತ ಕೇಳಿದರು. ಒಬ್ಬರಂತೂ ಸುಂಠಿ ಅರೆದು ತಂದುಕೊಟ್ಟರು. ಕಾಕು ಮಾತ್ರ ಬರಲಿಲ್ಲ. ಬಂದದ್ದು ಆಕೆಯ ಅಪ್ಪನ ಮಾತು: ಮಗಳನ್ನು ಇನ್ನು ಕಳಿಸುವುದಿಲ್ಲ.

ಆ ತಿಂಗಳ ಪತ್ರಿಕೆ ಸ್ಟೇಶನ್ನಿನಲ್ಲಿ ಬಿದ್ದಿತ್ತು. ಕಾಕಾ ತರಲು ಹೋಗಲಿಲ್ಲ. ನನಗೆ ಹೆದರಿಕೆಯಾದದ್ದು ಆಗ.

ಅವನಿಗೆ ಹೇಳದೆ ನಾನೇ ಹುಕ್ಕೇರಿಗೆ ಹೊರಟೆ. ಕಾಕುನ ತವರ ಬಾಗಿಲಲ್ಲಿ ನಿಂತಾಗ ಹಾಳು ಹುಚ್ಚು ಕೆರಳಿತು. ಯಾರ ಮನೆ ಹೊಕ್ಕರೂ ಕಾಕಾ ಮೊದಲು ಎರಡು ಸಲ ಕೆಮ್ಮುತ್ತಾನೆ. ಹಾಗೆಯೇ ಕೆಮ್ಮಿದೆ.

“ಬಂದ್ರ್ಯಾ? ಬರ್ರಿ, ನೀರ ತಂದೆ!” ಕಾಕು ತಂಬಿಗೆ ಹಿಡಿದು ಓಡಿಬಂದಳು. ಅರ್ಧ ನೀರು ಸೀರೆಯ ಮೇಲೆ. ನನ್ನನ್ನು ಕಂಡು ನಿಂತುಬಿಟ್ಟಳು. “ಭಾಡ್ಯಾ, ನೀನ?”

ಆ ಮುಖ ನೋಡಿದ ಮೇಲೆ ನನಗೆ ಯಾರ ದನಿಯೂ ಹೊರಡಲಿಲ್ಲ. ತೊದಲುತ್ತ ಹೇಳಿದೆ: ಮಂಗಳ ಅಂದರೆ ಹೆಂಗಸಲ್ಲ, ಆಕಾಶದ ಗ್ರಹ.

“ಗೊತ್ತೈತಿ ತಗೋ. ಪತ್ರಿಕಿ ಓದಿ ನಮ್ಮ ತಮ್ಮ ಹೇಳ್ಯಾನ, ಆಕಿಗಿ ಬಾಯಿಲ್ಲಂತ.”

“ಮತ್ತ ಯಾಕ ಬರಲಿಲ್ಲ ಕಾಕು?”

“ಬಾಯಿಲ್ಲದಾಕಿ ಹೆಸರು ದಿನಾ ಅವರ ಬಾಯಾಗ ಐತಿ. ಬಾಯಿದ್ದಾಕಿ ಹೆಸರು? ಮದಿವ್ಯಾಗ ಒಡಪು ಹಾಕಿ ಒಮ್ಮೆ ಹೇಳಿದ್ರು. ಆಮ್ಯಾಲ ನಾ ಬರೇ ‘ಏ’, ಬರೇ ‘ಕೇಳಿಲ್ಲೇನ್’.”

ನಮ್ಮಲ್ಲಿ ಗಂಡ-ಹೆಂಡತಿ ಒಬ್ಬರ ಹೆಸರನ್ನೊಬ್ಬರು ಬರಿದೇ ಹೇಳುವಂತಿಲ್ಲ; ಪ್ರಾಸ ಕಟ್ಟಿದ ಒಡಪಿನೊಳಗೆ ಸೇರಿಸಿಯೇ ಹೇಳಬೇಕು. ಅದೂ ನಾಲ್ಕು ಜನ ಒತ್ತಾಯ ಮಾಡಿದಾಗ.

ಅಷ್ಟರಲ್ಲಿ ಹೊರಗೆ ಎರಡು ಸಲ ಕೆಮ್ಮು.

“ಸಾಕ ಮಾಡೋ ನಿನ್ನ ನಕಲಿ!” ಅಂದಳು ಕಾಕು.

“ಕಾಕು, ನಾ ನಿನ್ನ ಮುಂದ ನಿಂತೇನಿ. ನನ್ನ ಬಾಯಿ ಮುಚ್ಚೈತಿ!”

ಅಂಗಳದಾಚೆಯ ಬಾಗಿಲಲ್ಲಿ ಕಾಕಾ. ಮೈತುಂಬ ದಾರಿಯ ಧೂಳು, ರುಮಾಲು ಹಳೆಯದು. ನನ್ನ ಹಿಂದೆಯೇ ಹೊರಟ ಮೋಟಾರಿನಲ್ಲಿ ಬಂದಿದ್ದ. ಎಷ್ಟು ಹೊತ್ತು ಹೊರಗೆ ನಿಂತು ಕೇಳಿಸಿಕೊಂಡಿದ್ದನೋ!

ಬಾಜೂ ಮನೆಯವರು ಇಣುಕಿದರು; ಅತ್ತೆಯ ಜೊತೆ ಮಾವನವರು ಒಳಗಿನಿಂದ ಬಂದರು. “ಏನ್ ಅಳಿಯಂದಿರ, ಬಂದದ್ದೇನು? ಬಾಯಿ ಬಿಟ್ಟು ಹೇಳ್ರಿ.”

ಕಾಕಾ ಕಣ್ಣು ಮುಚ್ಚಿ ಹಣೆಗೆ ಬೆರಳಿಟ್ಟ. ಮುಗಿಯಿತು, ಇಲ್ಲಿಯೂ ಮಂಗಳ ಶುರುವಾಯಿತು ಅಂದುಕೊಂಡೆ. ಇಲ್ಲ. ಬೆರಳು ಕೆಳಗಿಳಿಯಿತು. ಕಿವಿಯೆಲ್ಲ ಕೆಂಪಾಗಿ, ಯಾರೂ ಒತ್ತಾಯ ಮಾಡದೆ, ಮಾವ, ಅತ್ತೆ, ಬಾಜೂ ಮನೆಯವರು ಎಲ್ಲರೆದುರು ಹೇಳಿದ:

“ಮಂಗಳ ಇರ್ಲಿ ಮುಗಿಲಾಗ,
ಚೆನ್ನವ್ವ ಇರ್ಲಿ ನನ್ನ ಬಗಲಾಗ!”

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕರು. ಮಾವನವರ ಕೈಯಿಂದ ತಂಬಾಕು ಬಿತ್ತು. ಒಡಪು ಹೇಳಿದ ಮೇಲೆ ಎದುರಿನವರೂ ಹೇಳಬೇಕಲ್ಲ! “ನೀನೂ ಹೇಳ ತಂಗಿ, ಹೇಳ” ಅಂತ ಬಾಜೂ ಮನೆಯವರು ಗದ್ದಲ ಎಬ್ಬಿಸಿದರು.

ಕಾಕು ತಲೆ ತಗ್ಗಿಸಿದಳು. ತುಟಿಗಳಷ್ಟೇ ಅಲುಗಿದವು. ಪಕ್ಕದಲ್ಲೇ ನಿಂತ ನನಗೆ ಒಂದಕ್ಷರ ಕೇಳಲಿಲ್ಲ, ಅಲ್ಲಿದ್ದ ಯಾರಿಗೂ ಕೇಳಲಿಲ್ಲ.

ಅಂಗಳದ ಆಚೆ ತುದಿಯಲ್ಲಿದ್ದ ಕಾಕಾ ಮಾತ್ರ, “ಹ್ಞಾಂ, ನಡಿ” ಅಂದ.