ಹೊರಬಾಗಿಲಿಗೆ ಅಂಟಿಸಿದ ವೇಳಾಪಟ್ಟಿ

ಮಹೇಶಕುಮಾರ ಆ ವೇಳಾಪಟ್ಟಿಯನ್ನು ಬಾಗಿಲಿನ ಒಳಗಡೆ ಅಂಟಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಒಳಗಡೆ ಹೊಸ ಪೇಂಟು. ಅಂಟು ಹತ್ತಿ ಬಣ್ಣ ಕಿತ್ತು ಬಂದರೆ ಹೆಂಡತಿ ಏನೆಂದಾಳೋ ಎಂದು ಹೆದರಿ ಹೊರಗಡೆ ಅಂಟಿಸಿದ.

ಹೆಂಡತಿ ಭಾಗ್ಯಜ್ಯೋತಿ ಶಾಲಾ ಶಿಕ್ಷಕಿ. ಅಂದು ಬೆಳಗಿನ ಬಸ್ಸಿಗೆ ತರಬೇತಿಗೆಂದು ಅಫಜಲಪುರಕ್ಕೆ ಹೊರಟವಳು ಒಂದೇ ಮಾತು ಹೇಳಿದ್ದಳು: “ಕೂಸಿನ ಕೈಯಾಗ ಮೊಬೈಲ್ ಕೊಡಬ್ಯಾಡ್ರಿ. ಇಷ್ಟ ಮಾಡಿದ್ರ ಸಾಕು.” ಮಹೇಶಕುಮಾರ ಆಳಂದದ ಒಂದು ಸರ್ಕಾರಿ ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವ ಗುಮಾಸ್ತ. ಒಂದು ದಿನ ರಜೆ ಹಾಕಿದ್ದ. ಇಷ್ಟಕ್ಕೇ ಬಿಟ್ಟರೆ ಹೇಗೆ ಎಂದು ಹತ್ತು ವರ್ಷದ ಮಗಳು ಭುವನೇಶ್ವರಿಗಾಗಿ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದ: ‘ಮನೆಯಲ್ಲೇ ಬೇಸಿಗೆ: ಆಟದ ಜೊತೆ ಪಾಠ’. ಎಂಟಕ್ಕೆ ಕಾಗದದ ಹಕ್ಕಿ, ಒಂಬತ್ತಕ್ಕೆ ಜ್ವಾಲಾಮುಖಿ, ಹತ್ತಕ್ಕೆ ಬಿತ್ತನೆ, ಎರಡರಿಂದ ನಾಲ್ಕರವರೆಗೆ ಮೌನ ಓದು. ಮೌನ ಓದು ಎಂದರೆ ಮಗಳು ಓದುವುದು, ತಾನು ಮಲಗುವುದು.

ಎದುರು ಮನೆಯ ಮಥುರಾಬಾಯಿ ಓಣಿಯಲ್ಲಿ ಯಾರು ಏನು ಅಂಟಿಸಿದರೂ ಕನ್ನಡಕ ಹಾಕಿಕೊಂಡು ಓದದೆ ಬಿಡುವವಳಲ್ಲ. ಎಂಟು ಗಂಟೆಗೆ ಇಬ್ಬರು ಮೊಮ್ಮಕ್ಕಳನ್ನು ಎಳೆದುಕೊಂಡು ಬಂದೇಬಿಟ್ಟಳು.

“ಮಹೇಶಪ್ಪಾ, ಕ್ಯಾಂಪ್ ಸುರು ಮಾಡೀ ಅಂತ ಒಂದು ಮಾತು ಹೇಳಬಾರದೇನಪಾ? ಸೊಲ್ಲಾಪುರದಿಂದ ಮೊಮ್ಮಕ್ಕಳು ಬಂದಾವ. ನನ್ನ ತಲಿ ತಿನ್ನಾಕತ್ತಾವ.”

“ಆಯೀ, ಇದು ಕ್ಯಾಂಪ್ ಅಲ್ರಿ. ನಮ್ಮ ಭುವಿಗಷ್ಟ...”

“ಇಬ್ಬರು ಏನು ಹೆಚ್ಚಾಗ್ತಾವ? ಛಲೋ ಮಾಸ್ತರ್ ಇದ್ದಾಂಗ ಇದ್ದೀ ನೋಡು!”

ಮಾಸ್ತರ್! ಹದಿನಾಲ್ಕು ವರ್ಷ ಲಕೋಟೆಗಳ ಮೇಲೆ ನಂಬರು ಹಾಕಿದವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಏಪ್ರಿಲ್ ತಿಂಗಳ ಮಜ್ಜಿಗೆಯಂತೆ ಆ ಶಬ್ದ ಗಂಟಲಲ್ಲಿ ತಂಪಾಗಿ ಇಳಿಯಿತು. ಮಹೇಶಕುಮಾರ ಬಾಗಿಲು ಪೂರ್ತಿ ತೆರೆದ.

ತೆರೆದ ಬಾಗಿಲಿಗೆ ಮಕ್ಕಳು ಬರುತ್ತಲೇ ಇದ್ದರು. ಓಣಿಯ ಮೂಲೆಯಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿದ ತೊಗರಿ ವ್ಯಾಪಾರಿ ದೌಲತರಾಯ ನಾಲ್ವರನ್ನು ಕಳಿಸಿದ. ವಯಸ್ಸಾಗಿ ಮನೆ ಕಟ್ಟುವ ಗೌಂಡಿ ಕೆಲಸ ಬಿಟ್ಟಿದ್ದ ಹಸನಸಾಬ ಮೂವರು ಮೊಮ್ಮಕ್ಕಳನ್ನು ತಾನೇ ಬಿಟ್ಟುಹೋದ. ಒಂಬತ್ತರ ಹೊತ್ತಿಗೆ ಎಣಿಸಿದರೆ ಹದಿನೇಳು.

ಜ್ವಾಲಾಮುಖಿಗೆ ಮಗುವಿಗೊಂದು ಚಮಚ ಅಡುಗೆ ಸೋಡಾ ಎಂದು ಮಹೇಶಕುಮಾರ ಎಲ್ಲೋ ಓದಿದ್ದ. ಹದಿನೇಳು ಮಕ್ಕಳಿಗೆ ಹದಿನೇಳು ಚಮಚವನ್ನು ಒಂದೇ ಕೊಡಕ್ಕೆ ಹಾಕಿ, ಮೇಲೆ ಎರಡು ಬಾಟಲಿ ವಿನೆಗರ್ ಸುರಿದ. ನೊರೆ ಭುಸ್ಸೆಂದು ಎದ್ದು, ಮದುವೆಗೆ ಬಂದ ಬೀಗರಂತೆ ಯಾರನ್ನೂ ಕೇಳದೆ ಮನೆಯೆಲ್ಲ ತಿರುಗಾಡಿ, ಕೊನೆಗೆ ಸೋಫಾದ ಕೆಳಗೆ ಹೋಗಿ ಕೂತಿತು. ಮಕ್ಕಳು “ಇನ್ನೊಮ್ಮೆ! ಇನ್ನೊಮ್ಮೆ!” ಎಂದು ಕುಣಿದರು. ಅವನು ನೆಲ ಒರೆಸಿದ.

ಒರೆಸುವಷ್ಟರಲ್ಲಿ ಬಿತ್ತನೆಯ ಹೊತ್ತಾಯಿತು. ಖಾಲಿ ಹಾಲಿನ ಪಾಕೀಟುಗಳಲ್ಲಿ ಮಣ್ಣು ತುಂಬಿಸಿ, ಅಡುಗೆಮನೆಯ ಡಬ್ಬಿಯಿಂದ ತೊಗರಿ ತಂದು ಒಬ್ಬೊಬ್ಬರಿಗೆ ನಾಲ್ಕು ನಾಲ್ಕು ಹಂಚಿದ. ಮಕ್ಕಳನ್ನು ನೋಡಿಹೋಗಲು ಬಂದ ದೌಲತರಾಯ ಒಂದು ಪಾಕೀಟಿನೊಳಗೆ ಬೆರಳು ಹಾಕಿ, ಕಾಳು ಹೊರತೆಗೆದು, ಬಿಸಿಲಿಗೆ ಹಿಡಿದು ನೋಡಿದ.

“ಮಾಸ್ತರ್, ಇದು ಬ್ಯಾಳಿ! ಒಡದ ಬ್ಯಾಳಿ ಎಲ್ಲಿ ಮೊಳೀತದ್ರಿ? ಮೂವತ್ತು ವರ್ಷ ಆತು ತೊಗರಿ ಯಾಪಾರ ಮಾಡಾಕತ್ತು. ಈ ತಳಿ ನಾ ನೋಡಿಲ್ಲ!”

ಅವನ ನಗು ಓಣಿಯ ಆ ತುದಿಗೆ ಕೇಳಿತು. ಆ ತುದಿಯವರೂ ಬಂದು ನೋಡಿ ನಕ್ಕು ಹೋದರು. ಮಹೇಶಕುಮಾರನ ಕಿವಿ ಕಾದ ಹಂಚಿನಂತಾಯಿತು. ಊಟಕ್ಕೆಂದು ಎಲ್ಲರನ್ನೂ ಮನೆಗೆ ಅಟ್ಟಿ, ಇನ್ನು ಬರುವುದಿಲ್ಲ ಎಂದುಕೊಂಡ. ಅರ್ಧ ತಾಸಿನಲ್ಲಿ ಹದಿನೇಳೂ ಮಕ್ಕಳು ಮರಳಿ ಬಂದರು. ಜೊತೆಗೆ ಹೊಸಬರು ಇಬ್ಬರು.

ಮೌನ ಓದಿನಲ್ಲಿ ಓದೂ ಇರಲಿಲ್ಲ, ಮೌನವೂ ಇರಲಿಲ್ಲ. ಮೂರೂವರೆಗೆ ದೌಲತರಾಯನ ಮನೆಯ ನೆರಳು ಓಣಿಯ ಮೇಲೆ ಬಿದ್ದಾಗ, ನಿದ್ದೆಗಾಗಿ ಒದ್ದಾಡುತ್ತಿದ್ದ ಮಹೇಶಕುಮಾರನಿಗೆ ಒಂದು ಉಪಾಯ ಹೊಳೆಯಿತು. ಹಸನಸಾಬನ ಉಕ್ಕಿನ ಟೇಪು ತರಿಸಿ ಮಗಳ ಕೈಗೆ ಕೊಟ್ಟ.

“ಈಗ ಅಳತಿ ಲೆಕ್ಕ. ಓಣ್ಯಾಗ ಎಲ್ಲಾರ ಕಟ್ಟಿ, ಮೆಟ್ಟಲ ಪಾವಟಿಗಿ ಗ್ವಾಡಿಯಿಂದ ಎಷ್ಟು ಮುಂದ ಬಂದಾವ ಅಳದು ಬರಕೊಂಡು ಬರ್ರಿ. ಒಂದೂ ಮನಿ ಬಿಡಬ್ಯಾಡ್ರಿ. ಸಾವಕಾಶ ಮಾಡ್ರಿ, ಗಡಿಬಿಡಿ ಏನಿಲ್ಲ.”

ಮನೆಯ ಮುಂದಿನ ಕಟ್ಟೆಯ ಮೇಲೆ ಚಾಪೆ ಹಾಸಿ ಬಿದ್ದುಕೊಂಡವನಿಗೆ ಕೂಡಲೇ ನಿದ್ದೆ ಹತ್ತಿತು. ನಡುವೆ ಯಾರೋ ಅಲುಗಾಡಿಸಿ ಮುಖದ ಮುಂದೆ ನಾಲ್ಕು ಹಾಳೆ ಹಿಡಿದರು. ಮುಖದ ಮುಂದೆ ಹಾಳೆ ಬಂದರೆ ಏನು ಮಾಡಬೇಕೆಂಬುದು ಹದಿನಾಲ್ಕು ವರ್ಷದ ರೂಢಿ. ಅರ್ಧ ಕಣ್ಣು ತೆರೆದು ಪ್ರತಿ ಹಾಳೆಯ ಕೆಳಗೂ ‘ಪರಿಶೀಲಿಸಲಾಗಿದೆ’ ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಿ, ಮಗ್ಗುಲು ಬದಲಿಸಿದ.

ಮತ್ತೆ ಎಚ್ಚರವಾದದ್ದು ಜಗಳದ ಸದ್ದಿಗೆ. ಮಕ್ಕಳು ಆ ಹಾಳೆಗಳನ್ನು ಓಣಿಯವರೆಲ್ಲ ನೀರು ತುಂಬಿಕೊಳ್ಳುವ ಟಾಕಿಗೆ ಅಂಟಿಸಿದ್ದರು. ಐದಕ್ಕೆ ನೀರು ಬಿಟ್ಟಾಗ ಓಣಿಯೆಲ್ಲ ಅಲ್ಲಿತ್ತು.

ಸಂಗತಿ ಸಣ್ಣದಾಗಿರಲಿಲ್ಲ. ಆ ಓಣಿಗೆ ಗಟಾರ ಕಟ್ಟಲು ಪುರಸಭೆಯ ಇಂಜಿನಿಯರ್ ಪಂಚಶೀಲಾ ಎರಡು ಸಲ ಟೇಪು ಹಿಡಿದು ಬಂದಿದ್ದಳು. ಎರಡು ಸಲವೂ ಓಣಿಯವರು ಒಟ್ಟಾಗಿ, ಇಲ್ಲಿ ಯಾರೂ ಒಂದು ಇಂಚು ರಸ್ತೆಗೆ ಬಂದಿಲ್ಲ ಎಂದು ವಾದ ಮಾಡಿ ಅಳೆಯಗೊಡದೆ ಕಳಿಸಿದ್ದರು.

“ದೌಲತರಾಯಾ, ನಿನ್ನ ಪಾವಟಿಗಿ ಎರಡು ಫೂಟು ಎಂಟು ಇಂಚು ಅದ!” ಎಂದು ಮಥುರಾಬಾಯಿ ಕೂಗುತ್ತಿದ್ದಳು.

“ನಿಮ್ಮ ಕಟ್ಟಿ ಎರಡು ಫೂಟು ಅದಲ್ರಿ! ಅದು ಕಾಣ್ಲಿಲ್ಲೇನು?”

“ನಿಂದರು, ಇಂಜಿನಿಯರ್ ಮೇಡಂಗೇ ಫೋನ್ ಮಾಡೀನಿ.”

ಪಕ್ಕದ ಓಣಿಯಲ್ಲೇ ಗಟಾರದ ಕೆಲಸ ನಡೆಸಿದ್ದ ಪಂಚಶೀಲಾ ಐದೇ ನಿಮಿಷಕ್ಕೆ ಬಂದಳು. ದೌಲತರಾಯ ಅಡ್ಡ ಬಂದ. “ಮೇಡಂ, ಇದು ಬ್ಯಾಳಿ ಬಿತ್ತೋ ಮಾಸ್ತರನ ಲೆಕ್ಕರಿ. ಎಲ್ಲಾ ಗಲತ್ ಅದ!”

ಬೇಳೆಯ ಮಾತು ಬಂದದ್ದೇ ತಡ, ಮಹೇಶಕುಮಾರ ಗುಂಪು ಸೀಳಿಕೊಂಡು ಮುಂದೆ ಬಂದ. “ಮೇಡಂ, ನಮ್ಮ ಹುಡುಗರು ಅರ್ಧ ಇಂಚು ತಪ್ಪಂಗಿಲ್ರಿ. ಎಲ್ಲಾ ಹಾಳಿ ಖುದ್ದು ನಾನ ತಪಾಸ ಮಾಡೀನಿ. ಸಹಿ ನೋಡ್ರಿ.”

“ನೀವು ಸರ್ಕಾರಿ ನೌಕರರೇನ್ರಿ ಸರ್?”

“ಹೌದ್ರಿ,” ಎಂದು ಎದೆ ಉಬ್ಬಿಸಿದ.

“ಹಂಗಾದ್ರ ಅಡ್ಡಿ ಇಲ್ಲ.” ಪಂಚಶೀಲಾ ಒಂದೊಂದೇ ಹಾಳೆ ನೋಡುತ್ತ ಹೋದಳು. “ಎಲ್ಲಾರೂ ಮೂರು ಫೂಟಿನ ಒಳಗ ಅದೀರಿ. ಯಾರದೂ ಒಡೀದೇ ಗಟಾರ ಒಯ್ತೇನ್ರಿ. ಒಂದ ಮನಿ ಅಷ್ಟ ಅಡ್ಡ ಬರ್ತದ. ನಾಕು ಫೂಟು ಎರಡು ಇಂಚು.”

“ಯಾರದ್ರಿ ಅದು?” ಎಲ್ಲರಿಗಿಂತ ಮೊದಲು ಕೇಳಿದವನು ಮಹೇಶಕುಮಾರ. ಕೇಳಿ ದೌಲತರಾಯನ ಕಡೆ ಓರೆಯಾಗಿ ನೋಡಿದ.

“ನಮ್ದ ಅಪ್ಪಾ,” ಎಂದಳು ಭುವನೇಶ್ವರಿ. “ನೀ ಮಲಗಿದ್ದೆಲ್ಲಾ, ಅದ ಕಟ್ಟಿ. ಮೂರು ಸಲ ಅಳದೀನಿ.”

ಮಹೇಶಕುಮಾರನ ಎದೆಯೊಳಗಿನ ಗಾಳಿ ಮೆಲ್ಲಗೆ ಇಳಿಯಿತು. “ಮೇಡಂ, ಅದು... ಟೇಪು ಜರಾ ಹಳೇದದ...”

“ಟೇಪಿಗೇನೂ ಆಗಿಲ್ಲ ಮಾಸ್ತರ್,” ಎಂದ ಹಸನಸಾಬ ಸಮಾಧಾನ ಹೇಳುವವನಂತೆ. “ಆ ಕಟ್ಟಿ ನಾನ ಕಟ್ಟೀನಿ. ನಾಕು ಫೂಟು ಎರಡು ಇಂಚು, ಬರೋಬ್ಬರಿ. ಮ್ಯಾಲ ಮಂಚ ಹಿಡಿಬೇಕಂತ ನೀವ ಹೇಳಿದ್ರಿ.”

ಇಷ್ಟು ಹೊತ್ತು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದ ಓಣಿ ಆ ಕ್ಷಣದಲ್ಲಿ ಒಂದಾಯಿತು. ದೌಲತರಾಯ ಅವನ ಹೆಗಲ ಮೇಲೆ ಕೈ ಇಟ್ಟ. “ಮಾಸ್ತರ್, ಲೆಕ್ಕ ಬರೋಬ್ಬರಿ ಅದ. ನಾನ ತಪ್ಪು ತಿಳಕೊಂಡಿದ್ದೆ.” ಮಥುರಾಬಾಯಿ ಇನ್ನೊಂದು ಹೆಗಲು ಹಿಡಿದಳು. “ಕಲಿಸಿದಾವ ನೀನು. ಮಕ್ಕಳ ಮುಂದ ಒಲ್ಲೆ ಅಂದ್ರ ಛಂದ ಕಾಣ್ತದೇನಪಾ?”

“ನೋಟಿಸ್ ಕೊಟ್ರ ಏಳು ದಿನ ಟೈಮ್ ಅದರಿ,” ಎಂದಳು ಪಂಚಶೀಲಾ. “ನೀವು ಹೂಂ ಅಂದ್ರ ಇವತ್ತ ಮುಗೀತದ. ಜೆಸಿಬಿ ಪಕ್ಕದ ಓಣ್ಯಾಗ ನಿಂತದ.”

ಜೆಸಿಬಿ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಹತ್ತೊಂಬತ್ತು ಮಕ್ಕಳು ಒಮ್ಮೆಲೇ ಹೋ ಎಂದರು. ಆ ಗದ್ದಲದಲ್ಲಿ ಮಹೇಶಕುಮಾರ ಹೂಂ ಎಂದನೋ ಉಹೂಂ ಎಂದನೋ ಯಾರಿಗೂ ಕೇಳಿಸಲಿಲ್ಲ.

ಭಾಗ್ಯಜ್ಯೋತಿ ಏಳು ಗಂಟೆಗೆ ಬಂದು ನೋಡಿದಾಗ ಮನೆಯಿತ್ತು, ಮುಂದಿನ ಕಟ್ಟೆಯೂ ಪಾವಟಿಗೆಯೂ ಇರಲಿಲ್ಲ. ಹೊಸ್ತಿಲು ಅವಳ ಎದೆಯ ಎತ್ತರದಲ್ಲಿತ್ತು. ಅದರ ಮೇಲೆ, ಇಳಿಯಲು ದಾರಿ ಕಾಣದೆ, ಗಂಡ ನಿಂತಿದ್ದ.

“ಏನ್ರಿ ಇದು?”

“ಮೊಬೈಲ್ ಕೊಟ್ಟಿಲ್ಲ,” ಎಂದ ಮಹೇಶಕುಮಾರ.

ಅವನ ಪಕ್ಕದಿಂದ ಮಕ್ಕಳು ಒಬ್ಬೊಬ್ಬರಾಗಿ ಹೊಸ್ತಿಲಿನಿಂದ ಕೆಳಗಿನ ಮಣ್ಣಿನ ಗುಡ್ಡೆಗೆ ಜಿಗಿಯುತ್ತಿದ್ದರು. ಜಿಗಿದವರು ಓಡಿಬಂದು, ಹಸನಸಾಬ ಹಿಡಿದಿದ್ದ ಸ್ಟೂಲಿನ ಮೇಲೆ ಕಾಲಿಟ್ಟು ಮತ್ತೆ ಮೇಲೇರುತ್ತಿದ್ದರು. ಸ್ಟೂಲು ಒಂದೇ ಆದ್ದರಿಂದ ಭುವನೇಶ್ವರಿ ಎಲ್ಲರನ್ನೂ ಶಿಸ್ತಾಗಿ ಸಾಲು ನಿಲ್ಲಿಸಿದ್ದಳು.

“ಅವ್ವಾ, ನಡುವ ನುಗ್ಗಬ್ಯಾಡ,” ಎಂದಳು.

ಭಾಗ್ಯಜ್ಯೋತಿ ಗಂಡನನ್ನು ಒಮ್ಮೆ ನೋಡಿದಳು. ಆಮೇಲೆ ಬ್ಯಾಗನ್ನು ಹೆಗಲಿಗೇರಿಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾಲಿನ ಕೊನೆಗೆ ಹೋಗಿ ನಿಂತಳು.