ಅತ್ತೆ ನೋಡಿದ ಜ್ವಾಲಾಮುಖಿ

ಮರಾಠಿ ಗಡಿಯ ನಮ್ಮ ಜತ್ತ ತಾಲೂಕಿನಲ್ಲಿ ಇವತ್ತು ಜ್ವಾಲಾಮುಖಿ ಸಿಡಿಯುವುದಿಲ್ಲ ಎಂದು ಖಾತ್ರಿಯಾಗಿ ಹೇಳಬಲ್ಲವರು ಒಬ್ಬರೇ ಇದ್ದಾರೆ. ಅವರು ನಮ್ಮ ಸೋದರತ್ತೆ. ದಿನಾ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವ ಮುಂಚೆ ಬಗ್ಗಿ ನೆಲದ ಮೇಲೆ ಅಂಗೈ ಇಡುತ್ತಾರೆ. "ಏನಿಲ್ಲ, ತಣ್ಣಗೈತಿ" ಎನ್ನುತ್ತಾರೆ. ಆಮೇಲೆ ರಂಗೋಲಿ. ಅವರು ಹೇಳಿದ್ದು ಇಲ್ಲಿಯವರೆಗೆ ಒಂದು ದಿನವೂ ಸುಳ್ಳಾಗಿಲ್ಲ. ಮಳೆಯ ಭವಿಷ್ಯ ಹೇಳುವ ಯಾರಿಗಾದರೂ ಈ ಭಾಗ್ಯ ಉಂಟೇ?

ಅತ್ತೆಗೆ ತಲೆ ಕೆಟ್ಟಿದೆ ಎಂದು ನೀವು ತಿಳಿಯಬಾರದು. ಹಾಗೆ ತಿಳಿದವರು ನಮ್ಮೂರು ಮುಚ್ಚಂಡಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಅವರೇ ಸಾಕು. ಅತ್ತೆ ಕನ್ನಡ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ನಾವು ನಿಂತಿರುವ ಈ ನೆಲ ಒಂದಾನೊಂದು ಕಾಲಕ್ಕೆ ಬಿರಿದು, ಕರಗಿದ ಕಲ್ಲು ಹೊರಗೆ ಹರಿದು, ಪದರದ ಮೇಲೆ ಪದರವಾಗಿ ಆರಿ ನಮ್ಮ ಕರಿಕಲ್ಲಾಯಿತು. ಆ ಕಲ್ಲು ಸವೆದು ಎರೆಮಣ್ಣಾಯಿತು ಎಂಬುದು ಪಠ್ಯಪುಸ್ತಕದಲ್ಲೇ ಇರುವ ಸಂಗತಿ. ನಾವೆಲ್ಲರೂ ಅದನ್ನು ಓದಿ, ಪರೀಕ್ಷೆಯಲ್ಲಿ ಬರೆದು, ಸಂಭಾವಿತರಂತೆ ಮರೆತೆವು. ಅತ್ತೆ ಮರೆಯಲಿಲ್ಲ. ಅಷ್ಟೇ ಅವರ ದೋಷ.

ಆದ್ದರಿಂದ ಅವರ ಮನೆಯಲ್ಲಿ ಊಟಕ್ಕೆ ಕೂತವರಿಗೆ ಬಡಿಸುವಾಗ ಅತ್ತೆ ಹೀಗೆ ಒತ್ತಾಯ ಮಾಡುತ್ತಾರೆ: "ಇನ್ನೊಂದು ರೊಟ್ಟಿ ಹಾಕ್ಕೋರಿ. ಎರಿ ಹೊಲದ ಜ್ವಾಳ. ಅಂದ್ರ ಮೂಲಕ್ಕ ಹೋದ್ರ ಲಾವಾನ ಅದು!" ಬೀಗರು ಅಗಿಯುವುದನ್ನು ಅಲ್ಲಿಗೇ ನಿಲ್ಲಿಸುತ್ತಾರೆ.

ಇನ್ನು ಅವರೆದುರು ಯಾರಾದರೂ ಮೈಮರೆತು "ಜ್ವಾಲಾಮುಖಿ ಬೆಂಕಿ ಉಗುಳುತ್ತದೆ" ಅಂದರೋ, ಕೆಟ್ಟರು! "ಬೆಂಕಿ ಅನಬ್ಯಾಡ್ರಿ. ಕರಗಿದ ಕಲ್ಲು ಅನ್ರಿ. ನೆಲದೊಳಗ ಇದ್ದಾಗ ಮ್ಯಾಗ್ಮಾ, ಹೊರಗ ಬಂದ ಮ್ಯಾಲ ಲಾವಾ. ಲಗ್ನ ಆದ ಹುಡುಗಿಗಿ ಗಂಡನ ಮನ್ಯಾಗ ಹೆಸರು ಬದಲಿ ಮಾಡಂಗಿಲ್ಲೇನು? ಹಂಗ." ತಪ್ಪು ತಿದ್ದುವುದರಲ್ಲಿ ಅತ್ತೆಗೆ ಜಾತಿ, ವಯಸ್ಸು, ಹುದ್ದೆ ಯಾವ ಭೇದವೂ ಇಲ್ಲ. ಒಮ್ಮೆ ಶಾಲೆಯ ಕಾರ್ಯಕ್ರಮಕ್ಕೆ ಬಂದ ಮುಖ್ಯ ಅತಿಥಿಗಳು ಭಾಷಣದ ಭರದಲ್ಲಿ "ನನ್ನ ಎದೆಯಲ್ಲಿ ಜ್ವಾಲಾಮುಖಿ ಕುದಿಯುತ್ತಿದೆ" ಎಂದರು. ಮುಂದಿನ ಸಾಲಿನಿಂದ ಅತ್ತೆ ಎದ್ದು, "ಯಾ ನಮೂನೀದರಿ?" ಎಂದು ಕೇಳಿದರು. ಅತಿಥಿಗಳು ಭಾಷಣವನ್ನು ಬೇಗ ಮುಗಿಸಿದರು. ಊರವರು ಅತ್ತೆಗೆ ಕೃತಜ್ಞರಾದದ್ದು ಅದೊಂದೇ ಸಲ.

ನನ್ನ ತಂಗಿಯ ಗಂಡ ಜತ್ತದಲ್ಲಿ ಮನೆ ಕಟ್ಟಿಸಿದಾಗ ನಡೆದದ್ದನ್ನು ಹೇಳಲೇಬೇಕು. ವಾಸ್ತುಶಾಂತಿಗೆ ಎಲ್ಲರೂ ಹೋಗಿದ್ದೆವು. ಒಳಗೆ ಪೂಜೆ ನಡೆದಿದ್ದರೆ ಅತ್ತೆ ಹೊಸ್ತಿಲ ಬಳಿ ಮಂಡಿಯೂರಿ, ಚೀಲದಿಂದ ಭೂತಗನ್ನಡಿ ತೆಗೆದು ಕಲ್ಲು ನೋಡುತ್ತಿದ್ದರು. "ತಮ್ಮಾ, ಇಲ್ಲಿ ಬಾ. ಈ ಹೊಸ್ತಿಲದಾಗ ಸಣ್ಣ ಸಣ್ಣ ತೂತು ಕಂಡ್ವ? ಕರಗಿದ ಕಲ್ಲಿನಾಗಿನ ಗಾಳಿ ಗುಳ್ಳಿ ಇವು. ಗುಳ್ಳಿ ಹೊರಗ ಹೋಗೂದ್ರಾಗ ಕಲ್ಲ ಆರಿಬಿಟ್ಟೈತಿ!" ಎಂದು ನನಗೆ ತೋರಿಸಿದರು. ನನ್ನ ತಂಗಿಯ ಅತ್ತೆಗೆ ಇದರಲ್ಲಿ 'ಹೊಸ್ತಿಲು', 'ತೂತು' ಎರಡೇ ಮಾತು ಕೇಳಿಸಿದವು. ಪೂಜೆ ಬಿಟ್ಟು ಎದ್ದು ಬಂದರು. ಮನೆ ಕಟ್ಟಿದ ಗುತ್ತಿಗೆದಾರನನ್ನು ಊಟದ ಪಂಕ್ತಿಯಿಂದ ಎಬ್ಬಿಸಿ ತರಿಸಿದರು.

"ತೂತು ನಾ ಹಾಕಿಲ್ರಿ ಯವ್ವಾ! ದೇವರಾಣಿ!" ಎಂದ ಅವನು, ಕೈಯಲ್ಲಿ ಇನ್ನೂ ಭಜಿ ಹಿಡಿದುಕೊಂಡು.

ನಮ್ಮ ಅತ್ತೆ ಅವನ ನೆರವಿಗೆ ಹೋದರು. "ಪಾಪ, ಅಂವ ಹ್ಯಾಂಗ ಹಾಕ್ತಾನ್ರಿ? ಕೋಟಿಗಟ್ಟಲೆ ವರ್ಷದ ಹಿಂದಿನ ತೂತು ಅವು."

ಬೀಗಿತ್ತಿ ಹಣೆ ಹಣೆ ಬಡಿದುಕೊಂಡರು. "ಕೇಳಿದ್ರೇನ್ರಿ! ಹೊಸಾ ಕಲ್ಲ ಅಂತ ಹೇಳಿ ಹಳೀ ಕಲ್ಲ ತಂದು ಹಾಕ್ಯಾನ!"

ಮದುವೆ ಮನೆಗಳಲ್ಲಂತೂ ಅತ್ತೆಯನ್ನು ಅಡಿಗೆಯ ಕಡೆಗೆ ಬಿಡಬಾರದು ಎಂಬ ಅಲಿಖಿತ ನಿಯಮವೇ ಇದೆ. ಕಾರಣ, ಗೋಧಿ ಹುಗ್ಗಿ. ನಮ್ಮ ದೊಡ್ಡಪ್ಪನ ಮಗನ ಮದುವೆಯಲ್ಲಿ ದೊಡ್ಡ ಹಂಡೆಯಲ್ಲಿ ಹುಗ್ಗಿ ಕುದಿಯುತ್ತಿತ್ತು. ತೆಳ್ಳಗಿನ ಸಾರು ಸುಮ್ಮನೆ ಕುದಿಯುತ್ತದೆ, ಗಟ್ಟಿ ಹುಗ್ಗಿಯಲ್ಲಿ ಗಾಳಿ ಸಿಕ್ಕಿಬಿದ್ದು ಪಟ್ ಎಂದು ಸಿಡಿಯುತ್ತದೆ. ಜ್ವಾಲಾಮುಖಿಗಳಲ್ಲೂ ಹೀಗೆಯೇ ಸಾಧು, ಸಿಡುಕ ಎಂದು ಎರಡು ಬಗೆ ಎಂಬುದನ್ನು ಅತ್ತೆ ಅಡಿಗೆಯವನಿಗೆ ಹಂಡೆ ತೋರಿಸುತ್ತ ವಿವರಿಸಿದರು. ಅವನು ಆಸಕ್ತಿಯಿಂದ ಕೇಳಿದ. ಅದೇ ಆದ ಅನಾಹುತ. ಕೇಳುತ್ತ ಕೈಯಾಡಿಸುವುದನ್ನು ಮರೆತ. ಬಂದ ಮಂದಿಯೆಲ್ಲ ಸೀದ ಹುಗ್ಗಿ ಉಂಡು ಹೋದರು. ಅತ್ತೆ ಮಾತ್ರ ಎರಡು ಸಲ ಹಾಕಿಸಿಕೊಂಡು, "ಉದಾಹರಣಿ ಪೂರಾ ಆತು" ಎಂದರು.

ನಿವೃತ್ತಿಯ ನಂತರ ಅತ್ತೆಯ ಕೈಗೆ ಮೊಬೈಲು ಬಂತು. ಜಗತ್ತಿನ ಜ್ವಾಲಾಮುಖಿಗಳ ಎದುರು ಕ್ಯಾಮರಾ ನಿಲ್ಲಿಸಿ, ಹಗಲೂ ರಾತ್ರಿ ನೇರ ತೋರಿಸುವ ವ್ಯವಸ್ಥೆ ಇದೆಯಂತೆ. ಇದು ಗೊತ್ತಾದ ದಿನದಿಂದ ಅತ್ತೆ ಧಾರಾವಾಹಿ ಬಿಟ್ಟರು. ಹೆರಿಗೆಗೆ ಬಂದ ಮಗಳನ್ನು ಕಾದ ಹಾಗೆ ಕಾಯುತ್ತಾರೆ. "ನಿನ್ನೀನ ಆಗಬೇಕಿತ್ತು. ನೆಲ ಉಬ್ಬೇತಿ, ಸಣ್ಣ ಸಣ್ಣ ಭೂಕಂಪ ಸುರು ಆಗ್ಯಾವ. ಇನ್ನೂ ಆಗಿಲ್ಲ" ಎಂದು ಚಿಂತೆ ಮಾಡುತ್ತಾರೆ. ಕೇಳಿದ ನೆರೆಮನೆಯವರು ಬಿಸಿನೀರು ಕಾಯಿಸಲೇ ಎನ್ನುತ್ತಾರೆ.

ಒಮ್ಮೆ ಐಸ್‌ಲ್ಯಾಂಡಿನ ಯಾವುದೋ ಊರಿನ ಬಗಲಲ್ಲಿ ನೆಲ ಬಿರಿದು, ಊರನ್ನೆಲ್ಲ ಖಾಲಿ ಮಾಡಿಸಿದರು. ಅತ್ತೆ ಎರಡು ಹೊತ್ತು ಉಣ್ಣಲಿಲ್ಲ. ಅಮಾವಾಸ್ಯೆಗೆ ಗುಡ್ಡಾಪುರಕ್ಕೆ ಹೋಗಿ ದಾನಮ್ಮ ದೇವಿಗೆ ಕಾಯಿ ಒಡೆಸಲು ನಿಂತರು. ನಾನೂ ಜೊತೆಗಿದ್ದೆ. ಪೂಜಾರಿಗಳು, "ಯಾರ ಹೆಸರಲೆ ರೀ?" ಎಂದರು.

"ಯಾರಂತ ಗೊತ್ತಿಲ್ರಿ. ಒಂದು ಊರಿನ ಹೆಸರಲೆ ಒಡೀರಿ. ಲಾವಾ ಬಂದು ಊರ ಬಾಗಲಕ್ಕ ನಿಂತೈತಿ."

ಪೂಜಾರಿಗಳು ಕಾಯಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಯೋಚಿಸಿದರು. ಹಿಂದೆ ಜನರ ಪಾಳಿ ಬೆಳೆಯುತ್ತಿತ್ತು. ಕೊನೆಗೆ ಗಂಭೀರವಾಗಿ ಕೇಳಿದರು: "ತಾಲೂಕ ಯಾವದರಿ?"

ಇಷ್ಟೆಲ್ಲ ಹೇಳಿ ಮಾಮಾನ ವಿಷಯ ಹೇಳದಿದ್ದರೆ ಹೇಗೆ? ಮಾಮಾ ಅಂದರೆ ಅತ್ತೆಯ ಗಂಡ. ಮುಚ್ಚಂಡಿ ಬಸ್ ಸ್ಟ್ಯಾಂಡಿನ ಹತ್ತಿರ ಕಿರಾಣಿ ಅಂಗಡಿ. ಮಾತಿನ ವಿಷಯದಲ್ಲಿ ಅವರಷ್ಟು ಜಿಪುಣರನ್ನು ನಾನು ನೋಡಿಲ್ಲ. ಗಿರಾಕಿ ಬಂದು "ಸಕ್ಕರಿ ಐತೇನ್ರಿ?" ಎಂದರೆ ತಲೆ ಅಲ್ಲಾಡಿಸುತ್ತಾರೆ. ಇದೆಯೋ ಇಲ್ಲವೋ ಎಂಬುದನ್ನು ಅಲ್ಲಾಡಿಸಿದ ದಿಕ್ಕು ನೋಡಿ ಗಿರಾಕಿಯೇ ತಿಳಿದುಕೊಳ್ಳಬೇಕು. ಮನೆಯಲ್ಲಿ ಅತ್ತೆ ತಾಟಿನ ಮುಂದೆ ಕೂತು ಬೂದಿ, ಹೊಗೆ, ಅನಿಲ, ಪದರು ಎಂದು ಹೇಳುತ್ತಲೇ ಇರುತ್ತಾರೆ. ಮಾಮಾ ತಲೆ ಬಗ್ಗಿಸಿ ಉಣ್ಣುತ್ತಲೇ ಇರುತ್ತಾರೆ. ಕೈ ತೊಳೆದುಕೊಂಡು ಎದ್ದು ಹೋಗುತ್ತಾರೆ. ಅತ್ತೆಯ ಮಾತು ಈ ಕಿವಿಯಿಂದ ಬಂದು ಆ ಕಿವಿಯಿಂದ ಹೋಗುವುದಿರಲಿ, ಈ ಕಿವಿಗೂ ಬರುವುದಿಲ್ಲ ಎಂದೇ ನಾವು ತೀರ್ಮಾನಿಸಿದ್ದೆವು.

ಅತ್ತೆಯ ಆಸೆ ಒಂದೇ ಆಗಿತ್ತು. ಅಂಡಮಾನಿನ ಆಚೆ ಸಮುದ್ರದ ನಡುವೆ ಬ್ಯಾರನ್ ಎಂಬ ದ್ವೀಪವಿದೆ. ನಮ್ಮ ದೇಶದಲ್ಲಿ ಈಗಲೂ ಜೀವ ಹಿಡಿದಿರುವ ಜ್ವಾಲಾಮುಖಿ ಅದೊಂದೇ. ಇಳಿಯಲು ಬಿಡುವುದಿಲ್ಲ, ಹಡಗಿನಲ್ಲೇ ಕೂತು ಒಂದು ಸುತ್ತು ಹಾಕಿ ಬರಬೇಕು. "ಪ್ರದಕ್ಷಿಣಿ ಹಾಕಿದಂಗ ಆಗ್ತೈತಿ, ಹೋಗೂಣ್ರಿ" ಎಂದು ಅತ್ತೆ ಪ್ರತಿ ವರ್ಷ ಕೇಳುತ್ತಿದ್ದರು. ಮಾಮಾನ ಉತ್ತರವೂ ಪ್ರತಿ ವರ್ಷ ಅದೇ: "ಅಂಗಡಿ?"

ಹೋದ ವರ್ಷ ಅತ್ತೆಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರತೊಡಗಿತು. ಮಿರಜಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೃದಯದ ಕವಾಟ ಕೆಟ್ಟಿದೆ, ತೆರೆದು ಬದಲಿಸಬೇಕು ಎಂದು ಡಾಕ್ಟರು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಒಳಗೆ ಒತ್ತಡ ಹೆಚ್ಚಾಗಿದೆ ಎಂದೂ ಅಂದರು. ಒತ್ತಡ ಎಂದ ಕೂಡಲೇ ಅತ್ತೆಯ ಮುಖ ಅರಳಿತು. ಅದನ್ನು ಹೇಗೆ ಅಳೆಯುತ್ತೀರಿ, ಮುನ್ಸೂಚನೆ ಸಿಗುತ್ತದೆಯೇ, ಸದ್ದು ಬರುತ್ತದೆಯೇ ಎಂದು ಮರಾಠಿಯಲ್ಲೇ ವಿಚಾರಿಸಿದರು. ಡಾಕ್ಟರು ಎಲ್ಲದಕ್ಕೂ ಉತ್ತರ ಹೇಳಿ, ಹೊರಗೆ ಬಂದು ನನ್ನನ್ನು ಕೇಳಿದರು, ಇವರು ನರ್ಸ್ ಆಗಿದ್ದರೇ ಎಂದು.

ಆಪರೇಶನ್ ದಿನ ಅತ್ತೆಯನ್ನು ಒಳಗೆ ಕರೆದೊಯ್ದ ಮೇಲೆ ನಾನೂ ಮಾಮಾನೂ ಹೊರಗಿನ ಬೆಂಚಿನ ಮೇಲೆ ಕೂತೆವು. ಗೋಡೆ ನೋಡುತ್ತ ಕೂತಿದ್ದ ಮಾಮಾ ಬಾಯಿ ತೆರೆದರು. "ಹೊರಗ ಬಂದ್ಳಂದ್ರ ಕರಕೊಂಡು ಹೊಕ್ಕೀನಿ."

"ಎಲ್ಲಿಗಿ ಮಾಮಾ? ಮನಿಗೇನ್ರಿ?"

"ಅಲ್ಲಿಗಿ" ಎಂದರು. ಕಣ್ಣು ಒರೆಸಿಕೊಂಡರು.

ಅತ್ತೆ ಹೊರಗೆ ಬಂದರು. ಚೇತರಿಸಿಕೊಂಡರು. ಡಾಕ್ಟರು ಇನ್ನು ಪ್ರಯಾಣ ಮಾಡಬಹುದು ಎಂದ ವಾರವೇ ಮಾಮಾ ಅಂಗಡಿಗೆ ಬೀಗ ಹಾಕಿದರು. ಊರಿನಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದು ಸುದ್ದಿಯಾಯಿತು. ಬಾವಿಯಲ್ಲಿ ಈಜು ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನೂ ಜೊತೆಗೆ ಕರೆದುಕೊಂಡರು. ಸಮುದ್ರ ನೋಡಿದ ಮೇಲೆ ನನ್ನ ಅರ್ಹತೆಯ ಬಗ್ಗೆ ನನಗೇ ಅನುಮಾನ ಬಂತು.

ಪೋರ್ಟ್ ಬ್ಲೇರಿನಿಂದ ಹಡಗು ಹೊರಟಿತು. ಬಂದರು ದಾಟಿದ್ದೇ ತಡ, ಅತ್ತೆಗೆ ವಾಂತಿ ಶುರುವಾಯಿತು. ಹೊಟ್ಟೆಯಲ್ಲಿದ್ದದ್ದೆಲ್ಲ ಹೋದ ಮೇಲೂ ನಿಲ್ಲಲಿಲ್ಲ. ಬೆಳಗಾಗುವ ಹೊತ್ತಿಗೆ ಕೆಳಗಿನ ಕೋಣೆಯಲ್ಲಿ ಹಿಂಡಿದ ಬಟ್ಟೆಯಂತೆ ಬಿದ್ದುಕೊಂಡಿದ್ದರು. ದ್ವೀಪ ಬಂತು, ಎಲ್ಲರೂ ಮೇಲೆ ಬನ್ನಿ ಎಂದು ಕೂಗು ಕೇಳಿಸಿತು. ಅತ್ತೆ ಏಳಲು ನೋಡಿದರು. ಕಾಲು ನಿಲ್ಲಲಿಲ್ಲ. "ನೀವರೆ ಹೋಗಿ ನೋಡ್ರಿ. ಯಾರರೆ ಒಬ್ರು ನೋಡ್ರಿ" ಎಂದು ಮಾಮಾನ ಕೈ ಹಿಡಿದು ಹೇಳಿ, ಮುಖ ಆಚೆ ತಿರುಗಿಸಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾವಿಬ್ಬರೂ ಮೇಲೆ ಹೋದೆವು. ಮಂಜು! ಕೈ ಚಾಚಿದರೆ ಬೆರಳು ಕಾಣದಂಥ ಮಂಜು, ಮೇಲೆ ಜಿಟಿಜಿಟಿ ಮಳೆ. ಹಡಗು ದ್ವೀಪವನ್ನು ಸುತ್ತಿತೆಂದು ಹೇಳಿದರು, ನಂಬುವುದೊಂದೇ ದಾರಿ. ಬಂದವರೆಲ್ಲ ಗೊಣಗುತ್ತ ಚಹಾದ ಕಡೆಗೆ ನಡೆದರು. ಮಾಮಾ ಮಾತ್ರ ಹಡಗಿನ ಅಂಚಿನ ಕಟಾಂಜನ ಹಿಡಿದು, ತೋಯಿಸಿಕೊಳ್ಳುತ್ತ, ಸುತ್ತು ಮುಗಿಯುವವರೆಗೂ ಕಣ್ಣು ಪಿಳುಕಿಸದೆ ನೋಡುತ್ತ ನಿಂತರು. ಏನೂ ಕಾಣಲಿಲ್ಲ. ಹಡಗು ತಿರುಗಿತು.

ಕೆಳಗೆ ಬಂದಾಗ ಅತ್ತೆ ಕಣ್ಣು ಮುಚ್ಚಿಕೊಂಡೇ ಕೇಳಿದರು. "ಕಂಡ್ತೇನ್ರಿ?"

ಮಾಮಾ ಒಮ್ಮೆ ನನ್ನ ಮುಖ ನೋಡಿದರು. ಹಾಸಿಗೆಯ ಅಂಚಿಗೆ ಕೂತರು.

"ಕಂಡ್ತು" ಎಂದರು. "ಮೊದಲ ಕರ್ರಗ ಗುಡ್ಡ ಕಂಡ್ತು. ತುದಿ ಸೀಳೈತಿ. ಸೀಳಿನಾಗಿಂದ ಬೂದಿ ಏಳ್ತು ನೋಡು, ನೆಟ್ಟಗ ಮ್ಯಾಲ ಹೋತು, ಹೋಗಿ ಛತ್ರಿ ಬಿಚ್ಚಿದಂಗ ಅಗಲ ಆತು. ಗಾಳಿ ಬಂದು ಒಂದ ಕಡಿ ಎಳಕೊಂಡು ಹೋತು. ಬಗಲಾಗ ಲಾವಾ ಇಳೀತಿತ್ತು. ಮ್ಯಾಲ ಕರೀ ಕೆನಿ ಕಟ್ಟೇತಿ, ಕೆನಿ ಒಡದಲ್ಲಿ ಒಳಗ ಕೆಂಪಗ. ಸಮುದ್ರಕ್ಕ ಬಿದ್ದಲ್ಲಿ ಬುಸ್ಸಂತ ಬಿಳೀ ಹಬಿ..."

ನಾನು ಬಾಯಿ ತೆರೆದು ನಿಂತಿದ್ದೆ. ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಮಾತುಗಳೆಲ್ಲ ಅತ್ತೆಯವು! ಅಷ್ಟೂ ವರ್ಷ ತಲೆ ಬಗ್ಗಿಸಿ ಉಂಡ ಮನುಷ್ಯ ಒಂದು ಪದವನ್ನೂ ಕೆಳಗೆ ಬೀಳಿಸಿರಲಿಲ್ಲ. ಅತ್ತೆ ನಡುವೆ ಬಾಯಿ ಹಾಕಲಿಲ್ಲ. ಕೇಳುತ್ತಲೇ ಇದ್ದರು.

ಊರಿಗೆ ಬಂದ ಮೇಲೆ ಓಣಿಯವರೆಲ್ಲ ಸೇರಿದರು. ಮಾಮಾ ಕಟ್ಟೆಯ ಮೇಲೆ ಕೂತು ಮತ್ತೆ ಮೊದಲಿನಿಂದ ಶುರು ಮಾಡಿದರು. ಈ ಸಲ ಗುಡುಗಿನ ಸದ್ದೂ ಸೇರಿತು, ಸಣ್ಣ ಕಲ್ಲುಗಳೂ ಹಾರಿದವು. ನನಗೆ ಗಾಬರಿಯಾಯಿತು. ಅತ್ತೆ ಎಂದಾದರೂ ನಿಜ ತಿಳಿದು ನೊಂದುಕೊಂಡಾರು, ನಾನೇ ಹೇಳಿಬಿಡುವುದು ಒಳ್ಳೆಯದು ಎಂದು, ಅವರು ಚಹಾ ಮಾಡಲು ಒಳಗೆ ಹೋದಾಗ ಹಿಂದೆಯೇ ಹೋದೆ. ಕಪ್ಪುಗಳನ್ನು ತಾಟಿನಲ್ಲಿ ಜೋಡಿಸತೊಡಗಿದೆ.

ಅತ್ತೆ ಚಹಾ ಸೋಸುತ್ತ, ತಲೆ ಎತ್ತದೆ ಹೇಳಿದರು.

"ನಾ ಮಲಗಿದ್ನೆಲ್ಲ, ಅಲ್ಲಿ ತಲಿ ಹತ್ರ ಒಂದು ಗುಂಡನ ಕಿಡಕಿ ಇತ್ತು, ತಮ್ಮಾ. ಹಡಗ ಸುತ್ತ ಹೊಡಿಯೂ ತನಾ ನೋಡೀನಿ. ಬರೇ ಮಂಜ."

"ಮತ್ತ... ಮಾಮಾಗ ಯಾಕ ಹೇಳಲಿಲ್ರಿ?"

"ಹುಚ್ಚಪ್ಪಾ, ನೀನೂ ಹೇಳಬ್ಯಾಡ" ಎಂದರು ಅತ್ತೆ. "ಎಷ್ಟು ಚಲೋ ಹೇಳಾಕತ್ತಾರ, ಕೇಳು."

ಆಮೇಲೆ ಕಪ್ಪುಗಳ ತಾಟು ಎತ್ತಿಕೊಂಡು ಹೊರಗೆ ಹೋದರು. ಎಲ್ಲರಿಗೂ ಚಹಾ ಕೊಟ್ಟು, ಸೆರಗು ಸರಿಮಾಡಿಕೊಂಡು, ಶಾಲೆಯ ಹುಡುಗಿಯ ಹಾಗೆ ಮಾಮಾನ ಎದುರು ನೆಲದ ಮೇಲೆ ಕೂತು ಕೇಳಿದರು:

"ಮುಂದ ಏನಾತ್ರಿ?"